ಇನ್ನೂ ತೀರ್ಮಾನಿಸದವರು

ಚುನಾವಣೆಗೆ ಇನ್ನೂ ಹದಿಮೂರು ತಿಂಗಳಿತ್ತು. ಅಭ್ಯರ್ಥಿಗಳು ಯಾರೆಂದು ಪಕ್ಷಗಳಿಗೇ ಗೊತ್ತಿರಲಿಲ್ಲ. ಆದರೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ಸಮೀಕ್ಷೆಯ ಕಚೇರಿಯಲ್ಲಿ ಇಪ್ಪತ್ತು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಮುಖ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವತ್ತೇ ಶಾಸನಸಭೆಯ ಚುನಾವಣೆ ನಡೆದರೆ ಯಾವ ಪಕ್ಷಕ್ಕೆ ಮತ ಹಾಕುತ್ತೀರಿ?" ಹೆಸರಿಲ್ಲ, ಮುಖವಿಲ್ಲ, ಬರೀ ಪಕ್ಷ.

ಅವರಲ್ಲೊಬ್ಬಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಗಂಡನಿಂದ ಬೇರೆಯಾಗಿ ನಾಲ್ಕು ವರ್ಷವಾಗಿತ್ತು. ದಿನಕ್ಕೆ ತೊಂಬತ್ತು ಜನರ ಜತೆ ಮಾತಾಡಿ ಮನೆಗೆ ಹೋದರೆ 'ಊಟ ಆಯ್ತಾ' ಎನ್ನಲು ಒಂದು ನರಪಿಳ್ಳೆಯಿಲ್ಲ. ಕಚೇರಿಯಲ್ಲೂ ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಆಡುವಂತಿರಲಿಲ್ಲ. ನಂಬರನ್ನು ಯಂತ್ರವೇ ಒತ್ತುತ್ತಿತ್ತು. ಪರದೆಯ ಮೇಲೆ ಅದು ಕಾಣುತ್ತಲೂ ಇರಲಿಲ್ಲ. ಪಕ್ಷ ಹೇಳಿದವರ ನಂಬರು ಪಟ್ಟಿಯಿಂದ ಹೋಗುತ್ತಿತ್ತು. 'ತೀರ್ಮಾನಿಸಿಲ್ಲ' ಎಂದವರಿಗೆ ಮಾತ್ರ, ಮೊದಲ ಸಲ ಮಾತಾಡಿಸಿದವರೇ ಮುಂದಿನ ತಿಂಗಳು ಮತ್ತೆ ಮಾತಾಡಿಸಬೇಕೆಂಬುದು ಅಲ್ಲಿನ ಕ್ರಮ.

ಹಾಗೆ ಐದು ತಿಂಗಳಿಂದ ತೀರ್ಮಾನಿಸದೇ ಉಳಿದವರು ಲಿಫ್ಟಿನ ತಾತ. ದೊಡ್ಡ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿ ನಿವೃತ್ತರಾದವರು.

"ಮೇಲಕ್ಕಾ, ಕೆಳಕ್ಕಾ ಅಂತ ಕೇಳಿ ಕೇಳಿ ಆಯಸ್ಸು ಕಳೀತು. ಈಗ ನನ್ನನ್ನೇ ಕೇಳೋರು ಸಿಕ್ಕಿದ್ದೀರಿ! ಇನ್ನೂ ತೀರ್ಮಾನ ಮಾಡಿಲ್ಲಮ್ಮ. ಆ ಪ್ರಶ್ನೆ ಇನ್ನೊಂದ್ಸಲ ಓದಿ."

ಅಕ್ಕ ಓದುತ್ತಿದ್ದಳು. ಕೊನೆಯ ಪ್ರಶ್ನೆ, ಮನೆಯಲ್ಲಿ ಎಷ್ಟು ಜನ. "ಒಬ್ಬನೇ," ಎನ್ನುತ್ತಿದ್ದರು ತಾತ, ಪ್ರತಿ ತಿಂಗಳೂ. ತೀರ್ಮಾನವಾಗಿಲ್ಲವೆಂಬುದು ಹಸಿ ಸುಳ್ಳೆಂದು ಅವಳಿಗೆ ಎರಡನೇ ತಿಂಗಳಲ್ಲೇ ತಿಳಿದಿತ್ತು. ತಿಳಿದೂ ಅವಳು ಆ ಕರೆಗಾಗಿ ತಿಂಗಳಿಡೀ ಕಾಯುತ್ತಿದ್ದಳು.

ಪತ್ರಿಕೆಗಳಲ್ಲಿ ಪಂಡಿತರು 'ಮತದಾರನ ಮನಸ್ಸು ಡೋಲಾಯಮಾನ' ಎಂದು ಉದ್ದುದ್ದ ಬರೆದರು. ಪಾಪ, ಅವರಿಗೇನು ಗೊತ್ತು!

ಆರನೇ ತಿಂಗಳು ಮೇಲ್ವಿಚಾರಕ ಅವಳ ಮೇಜಿನ ಬಳಿ ಬಂದ. ಶೇಕಡಾ ಸಾರ್ ಎಂದು ಅವನ ಅಡ್ಡಹೆಸರು. "ಏನಕ್ಕ, ತೀರ್ಮಾನಿಸದೋರು ನಿಮ್ಮ ಪಟ್ಟೀಲೇ ಜಾಸ್ತಿ. ಒತ್ತಿ ಕೇಳ್ಬೇಕು. ಇವತ್ತು ನಿಮ್ಮ ಕರೆ ನಾನೂ ಕೇಳಿಸ್ಕೋತೀನಿ. ಹೀಗೇ ಆದ್ರೆ ಈ ಕುರ್ಚೀಲಿ ಬೇರೆಯವರನ್ನ ಕೂರಿಸ್ಬೇಕಾಗತ್ತೆ."

ತಾತ ಎಂದಿನಂತೆ ತೀರ್ಮಾನ ಮಾಡಿಲ್ಲ ಎಂದರು. ಹಾಳೆಯಲ್ಲಿದ್ದ ಒತ್ತಾಯದ ಪ್ರಶ್ನೆಯನ್ನು ಅಕ್ಕ ಅವರಿಗೆ ಮೊದಲ ಬಾರಿ ಓದಿದಳು: "ಆದರೂ, ಯಾವ ಪಕ್ಷದ ಕಡೆಗೆ ಸ್ವಲ್ಪವಾದರೂ ವಾಲಿದ್ದೀರಿ?" ಅವಳ ಓದು ಎಂದಿಗಿಂತ ಗಡುಸಾಗಿತ್ತು.

ತಾತ ದನಿ ತಗ್ಗಿಸಿದರು. "ಯಾರಾದ್ರೂ ಪಕ್ಕದಲ್ಲಿದ್ದಾರಾ ತಾಯಿ?"

ಅದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಅವಳು ಪ್ರಶ್ನೆಯನ್ನೇ ಮತ್ತೆ ಓದಿದಳು.

"ಸರಿ, ಬರ್ಕೊಳಿ. ನಲವತ್ತು ವರ್ಷದಿಂದ ಒಂದೇ ಪಕ್ಷಕ್ಕೆ ಹಾಕ್ತಿರೋನು ನಾನು," ಎಂದು ತಾತ ಪಕ್ಷದ ಹೆಸರು ಹೇಳಿದರು. "ನಿಮ್ಮ ಹೊಟ್ಟೆ ಮೇಲೆ ಹೊಡೆಯೋದು ಬೇಡ. ಮನೇಲಿ ಒಬ್ಬನೇ. ಅದನ್ನೂ ಬರ್ಕೊಂಡ್ಬಿಡಿ."

"ನಿಮ್ಮ ಸಮಯಕ್ಕೆ ಧನ್ಯವಾದಗಳು," ಎಂದು ಹಾಳೆಯಲ್ಲಿದ್ದದ್ದನ್ನೇ ಓದಿ ಗುಂಡಿ ಒತ್ತಿದಳು. ತಾತ ಪಟ್ಟಿಯಿಂದ ಹೋದರು. ಶೇಕಡಾ ಸಾರ್ ತಲೆಯಾಡಿಸಿ ಮುಂದಿನ ಮೇಜಿಗೆ ನಡೆದ. ಅವಳಿಗೆ ಅಳು ಬಂತು, ಅಷ್ಟರಲ್ಲಿ ಯಂತ್ರ ಇನ್ನೊಂದು ನಂಬರು ಒತ್ತಿಯಾಗಿತ್ತು.

ಸಂಜೆ ಮನೆಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಇನ್ಯಾವುದೋ ಸಮೀಕ್ಷೆಯ ಹುಡುಗಿ, ಅದೇ ಪ್ರಶ್ನೆ. ಯಾವ ಪಕ್ಷಕ್ಕೆ ಮತವೆಂದು ಅಕ್ಕ ಎಂದೋ ನಿರ್ಧರಿಸಿದ್ದಳು. ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೂ ತೀರ್ಮಾನ ಮಾಡಿಲ್ಲಮ್ಮ," ಎಂದಳು. "ಆ ಪ್ರಶ್ನೆ ಇನ್ನೊಂದ್ಸಲ ಓದು."