ಬೆರಳಚ್ಚು 2

ಬೆಳಕು ಜಾರುತ್ತಿದೆ, ಅಂಗಡಿಯ ಟ್ಯೂಬ್‌ಲೈಟಿನ ಉದ್ದ ಬಿಳಿ ಪಟ್ಟಿ ಈ ಗಾಜಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ, ಕೈ ಸ್ವಲ್ಪ ಓರೆ ಮಾಡಿದರೆ ಸಾಕು, ಎಣ್ಣೆ ಹರಿದ ಹಾಗೆ, ಹಿಂಬದಿ ನೇರಳೆ, ಬರೀ ನೇರಳೆಯಲ್ಲ, ಹಣ್ಣಾದ ಹಿಪ್ಪುನೇರಳೆಯನ್ನು ಬೆರಳಲ್ಲಿ ಹಿಸುಕಿದಾಗ ಬರುವ ಬಣ್ಣ, ಇಷ್ಟು ತೆಳ್ಳಗೆ ಮಾಡಿ ಒಳಗೆ ಬ್ಯಾಟರಿ ಎಲ್ಲಿ ಕೂರಿಸುತ್ತಾರೆ — ನನ್ನ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ, ಒಂದು ಫೋನಿಗೆ, ಛೆ, ಆದರೂ ಹೊಡೆದುಕೊಳ್ಳುತ್ತಿದೆ, ವೇಣು ಹೋದ ಮೇಲೆ ಇದೇ ಮೊದಲು, ವರ್ಷವಾಗುತ್ತ ಬಂತು, ಎದೆನೋವು ಎಂದು ರೇಷ್ಮೆಗೂಡಿನ ಚೀಲಕ್ಕೆ ಒರಗಿ ಕೂತವನು ಏಳಲಿಲ್ಲ, ಆವತ್ತಿನಿಂದ ಎದೆಯಲ್ಲಿ ಏನೂ ಹೊಡೆದುಕೊಳ್ಳಲಿಲ್ಲ, ಅಳುವೂ ಸರಿಯಾಗಿ ಬರಲಿಲ್ಲ, ನೋಡಲು ಬಂದವರು ಓದಿದವಳು, ಕಲ್ಲು ಎಂದುಕೊಂಡು ಹೋದರು, ಈಗ ನೋಡಿದರೆ ಚಿಕ್ಕಬಳ್ಳಾಪುರದ ಮೊಬೈಲ್ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದೇನೆ, ಹೌದು, ಆಡಿಸುತ್ತಲೇ ಇದ್ದೇನೆ, ತನುಜ ನೋಡಿಬಿಟ್ಟಳು. ಅತ್ತಿಗೆ, ಇಷ್ಟ ಆಗೋಯ್ತಲ್ಲಾ, ಮುಖ ನೋಡ್ಕೊಳಿ ಕನ್ನಡೀಲಿ. ತನುಜ ವೇಣುವಿನ ತಂಗಿ, ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ, ಇವತ್ತು ಅವಳಿಗೆ ವಾರದ ರಜೆ, ಗೌರಿಬಿದನೂರಿನಿಂದ ಬಸ್ಸಿಳಿದು ನೇರ ಇಲ್ಲಿಗೇ ಬಂದಿದ್ದಾಳೆ, ನನ್ನ ಕೈಯಲ್ಲಿ ಹೊಸ ಫೋನ್ ಹಿಡಿಸಿಯೇ ಹೋಗುತ್ತೇನೆ ಎಂದು ಹಟ. ಕೌಂಟರಿನ ಹಿಂದೆ ಮುರಳಿಮೋಹನ್, ಎದೆಯ ಮೇಲೆ ಹೆಸರಿನ ಪಟ್ಟಿ, ಬಾಯಿ ನಿಲ್ಲುವುದಿಲ್ಲ, ಫೈವ್ ಜಿ ಮೇಡಂ, ಹ್ಯಾಂಗ್ ಅನ್ನೋ ಮಾತೇ ಇಲ್ಲ ಮೇಡಂ, ನಿಮ್ಮ ಹಳೇದು ಕೊಟ್ಬಿಡಿ, ಎಕ್ಸ್‌ಚೇಂಜಲ್ಲಿ ಈ ನೇರಳೆ ನಿಮ್ದು. ಕೊಡ್ಲಿಲ್ಲ ಅಂದ್ರೆ? ಎಂದೆ. ಕೊಡ್ಲಿಲ್ಲ ಅಂದ್ರೆ ನಿಮ್ಮ ಬಜೆಟ್‌ಗೆ ಆ ಮೂಲೇಲಿರೋ ಕಪ್ಪುದು ಬರುತ್ತೆ, ಅದು ನಿಮ್ಮ ಹಳೇದರ ತಮ್ಮ ಇದ್ದಂಗೆ, ಅದಕ್ಕಿಂತ ಇದೇ ವಾಸಿ. ತನುಜ, ಏನ್ರೀ ಮುರಳಿ, ಹೋದ್ಸಲ ಕವರ್ ಫ್ರೀ ಅಂದ್ರಿ, ಬಿಲ್ಲಲ್ಲಿ ಸೇರಿಸಿದ್ರಿ, ಈ ಸಲ ನಾನೇ ಬಿಲ್ ಬರೀತೀನಿ. ಬರೀರಿ ಮೇಡಂ, ಅಂಗಡೀನೂ ನೀವೇ ನಡೆಸ್ಕೊಳಿ. ಇಬ್ಬರೂ ನಗುತ್ತಾರೆ, ನಾನೂ — ನನ್ನ ನಗು ನನಗೇ ಕೇಳಿಸಿತು.

ಬೇಕು, ನಿಜವಾಗಿಯೂ ಬೇಕು, ಶೋಕಿಗಲ್ಲ — ಶೋಕಿಗೂ ಸ್ವಲ್ಪ, ಇರಲಿ — ನಿನ್ನೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಆದದ್ದು ಇನ್ನೊಂದು ಸಲ ಆಗಬಾರದು, ತಟ್ಟೆ ತುಂಬ ಬಿಳಿ ಗೂಡು, ದಿಬ್ಬೂರಹಳ್ಳಿಯ ಮುನಿವೆಂಕಟಪ್ಪನವರ ಬೆಳೆ, ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಳಗೆ ಹುಳು ಒಣಗಿದ ಕಡಲೆಕಾಯಿಯ ಹಾಗೆ ಟಕಟಕ ಎಂದಿತು, ಹಾಗೆ ಕೇಳಬೇಕು ಎಂದು ವೇಣು ಹೇಳಿಕೊಟ್ಟದ್ದು, ಮೊದಲು ಕಣ್ಣಲ್ಲಿ ನೋಡ್ಬೇಡ ಕಲ್ಯಾಣಿ, ಕಿವೀಲಿ ನೋಡು, ಇದು ನನ್ನದೇ ಲಾಟು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ, ಈಗ ಕೂಗಿ ಹರಾಜು ಇಲ್ಲ, ರೇಟನ್ನು ಮೊಬೈಲಿನಲ್ಲೇ ಒತ್ತಬೇಕು, ಸಮಯ ಮುಗಿಯುವುದರೊಳಗೆ, ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾರೆ, ನನ್ನ ಫೋನ್ ಕಪ್ಪಾಯಿತು, ಹೆಬ್ಬೆರಳು ಇಟ್ಟೆ, ಹೊಂದಿಕೆಯಾಗುತ್ತಿಲ್ಲ, ಮತ್ತೆ ಇಟ್ಟೆ, ಹೊಂದಿಕೆಯಾಗುತ್ತಿಲ್ಲ, ಪಿನ್ ಒತ್ತಿದೆ, ಆ್ಯಪ್ ತಿರುಗಿತು ತಿರುಗಿತು, ತೆರೆಯುವಷ್ಟರಲ್ಲಿ ಲಾಟು ಬೇರೆಯವರ ಪಾಲು. ಮುನಿವೆಂಕಟಪ್ಪನವರು ಟವೆಲು ಒದರಿ ಹೆಗಲಿಗೆ ಹಾಕಿಕೊಂಡು, ಯಾಕಮ್ಮಾ, ಗೂಡು ಕಿವೀ ತಾವ ಇಟ್ಕೊಂಡು ನಕ್ಕೆ, ಆಮೇಲ್ ರೇಟೇ ಹಾಕ್ಲಿಲ್ಲ? ನಕ್ಕಿದ್ದೆನಾ? ನಕ್ಕಿರಬೇಕು. ನಾಳೆ ಅವರ ತಮ್ಮನ ಗೂಡು ಬರುತ್ತದಂತೆ, ಅದೇ ಸೊಪ್ಪು, ಅದೇ ಮನೆಯ ಹುಳು, ಅದು ಕೈತಪ್ಪಿದರೆ ನಾಡಿದ್ದು ಗೂಡು ಬೇಯಿಸುವ ನಮ್ಮ ಬೇಸಿನ್ನುಗಳಿಗೆ ಬೆಂಕಿ ಹಾಕುವುದೇ ದಂಡ, ನೂಲು ಬಿಚ್ಚಲು ಬರುವ ಹೆಂಗಸರು ಈಗಾಗಲೇ ಕೇಳುತ್ತಿದ್ದಾರೆ, ಕಲ್ಯಾಣಮ್ಮಾ, ಕೆಲ್ಸ ಇರ್ತದಾ, ಬೇರೆ ಕಡೆ ನೋಡ್ಕೊಳಣಾ? ವೇಣುವಿನ ಘಟಕ ವರ್ಷ ತುಂಬುವ ಮೊದಲೇ ಮುಚ್ಚಿತು ಎಂದು ಬೀದಿಯ ಬಾಯಲ್ಲಿ ಬರುವುದು ಬೇಡ. ಫೋನಿನ ಬೆರಳು ಓದುವ ಜಾಗ ಹಾಳಾಗಿದೆ, ಅಷ್ಟೇ, ಗಾಜಿನ ಅಂಚು ಸೀಳಿದೆ, ನೀರಿನ ಹಬೆ ಒಳಗೆ ಹೋಗಿರಬೇಕು, ಎಷ್ಟೋ ವಾರದಿಂದ ಹೀಗೇ. ಮಾವ ಇಲ್ಲದ ಮನೆ, ಹೇಳಿ ಕೇಳಬೇಕಾದವರು ಅತ್ತೆ ಒಬ್ಬರೇ, ಆಂಜಿನಮ್ಮ, ಬೆಳಿಗ್ಗೆ ಹೆದರಿ ಹೆದರಿ ಹೇಳಿದೆ, ಗಂಡ ಸತ್ತು ವರ್ಷದೊಳಗೆ ಹೊಸ ಫೋನು ಎಂದು ಯಾರಾದರೂ ಅಂದರೆ ಅತ್ತೆ? ಅವರಿಗೆ ಖುಷಿಯಾದರೂ ಸಿಟ್ಟು ಬಂದರೂ ಮಾತು ತೆಲುಗಿಗೆ ಇಳಿಯುತ್ತದೆ, ತೀಸ್ಕೋ ತಲ್ಲೀ, ತಗೋ ತಾಯಿ, ಅನ್ನೋರು ಬಂದು ನಮ್ಮ ಬೇಸಿನ್‌ಗೆ ಸೌದೆ ಹಾಕ್ತಾರಾ? ಆಮೇಲೆ ಮೆಲ್ಲಗೆ, ಹೊಸದ್ರಲ್ಲಿ ಧಾರಾವಾಹಿ ದೊಡ್ಡದಾಗಿ ಕಾಣ್ಸುತ್ತಾ?

ಹಾಗಾದರೆ ತಡ ಏಕೆ, ಕೈಚೀಲದೊಳಗೆ ಹಳೆಯದನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ಏಕೆ, ಒಂದು ಕೈಯಲ್ಲಿ ನೇರಳೆ, ಒಂದು ಕೈಯಲ್ಲಿ ಇದು. ಫೋಟೋ ಎಲ್ಲಾ ನಾನ್ ಪೆನ್‌ಡ್ರೈವ್‌ಗೆ ಹಾಕಿದೀನಿ ಅತ್ತಿಗೆ, ನಂಬರು, ಮೆಸೇಜು, ಅಣ್ಣನ ವಿಡಿಯೋನೂ, ಒಂದೂ ಹೋಗಲ್ಲ, ಎನ್ನುತ್ತಾಳೆ ತನುಜ. ಎಲ್ಲಾ ಬರುತ್ತೆ ಮೇಡಂ, ಎನ್ನುತ್ತಾನೆ ಮುರಳಿಮೋಹನ್, ಬೆರಳು ಒಂದು ಬರಲ್ಲ, ಅದು ಆ ಫೋನಲ್ಲೇ ಇರುತ್ತೆ, ಅಳಿಸಿದ್ರೆ ಹೋಯ್ತು, ಇದರಲ್ಲಿ ಹೊಸದಾಗೇ ಕೊಡ್ಬೇಕು. ಅದೇ. ಅದೊಂದೇ. ಬೆರಳಚ್ಚು 1, ನನ್ನದು, ಬೆರಳಚ್ಚು 2, ವೇಣುವಿನದು, ಸೆಟ್ಟಿಂಗ್ಸ್‌ನಲ್ಲಿ ಒಂದರ ಕೆಳಗೆ ಒಂದು, ಮದುವೆಯ ವಾರ ಕೊಂಡ ಫೋನು, ಮಾರುಕಟ್ಟೆಗೆ ಅವನೂ ಇದನ್ನೇ ಒಯ್ಯುತ್ತಿದ್ದ, ಅದಕ್ಕೇ ಇಬ್ಬರ ಬೆರಳು. ಹುಡುಗನಾಗಿದ್ದಾಗಿನಿಂದ ಬಿಸಿನೀರಿನ ಬೇಸಿನ್ನಿಗೆ ಕೈ ಹಾಕಿ ಗೂಡಿನ ಎಳೆ ಹಿಡಿದವನು, ಬೆರಳ ತುದಿ ನೆನೆದು ನೆನೆದು ಬೆಳ್ಳಗೆ, ಸುಕ್ಕು, ಗೆರೆಯೆಲ್ಲ ಸವೆದು, ರೇಷನ್ ಅಂಗಡಿಯ ಯಂತ್ರಕ್ಕೆ ಅವನು ಮನುಷ್ಯನೇ ಅಲ್ಲ, ಅತ್ತೆಯ ಬೆರಳೂ ಅದೇ ಜಾತಿಯದು, ಮದುವೆಯಾಗಿ ಬಂದು ಕಾರ್ಡಿಗೆ ನನ್ನ ಹೆಸರು ಸೇರಿದ ತಿಂಗಳು ಅಕ್ಕಿ ತರಲು ನನ್ನನ್ನು ಕಳಿಸಿದರು, ಯಂತ್ರ ಒಂದೇ ಸಲಕ್ಕೆ ಹಸಿರು ದೀಪ ತೋರಿಸಿತು, ಅತ್ತೆ ಬೀದಿಗೆಲ್ಲ ಕೇಳುವ ಹಾಗೆ, ನಮ್ಮ ಸೊಸೆ ಎಮ್ಮೇ ಓದಿದ್ಕಲ್ಲಪ್ಪಾ ತಂದಿದ್ದು, ಬೆರಳಲ್ಲಿ ಗೆರೆ ಅವೆ ಅಂತ ತಂದಿದ್ದು! ವೇಣು ನಗುತ್ತ ನನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ, ಗದ್ದೆಗೆ ಸಾಲು ಹೊಡೆದಂಗಿದೆ ಕಣೇ. ಅವನ ಬೆರಳು ಫೋನಿಗೆ ಹತ್ತಿದ್ದು ಆ ವಾರ ಮಾತ್ರ, ಮದುವೆಯೆಂದು ಕೆಲಸಕ್ಕೆ ರಜೆ, ಬಿಸಿನೀರಿಗೆ ಕೈ ಹಾಕದೆ ವಿದುರಾಶ್ವತ್ಥದ ನನ್ನ ತವರಿನಲ್ಲಿ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ, ಉಂಡ, ಮಲಗಿದ, ಅಮ್ಮ ಬಡಿಸಿದ್ದನ್ನು ಬೇಡ ಎನ್ನಲು ಬಾರದೆ ಮತ್ತೆ ಉಂಡ, ಬೆರಳ ತುದಿಯಲ್ಲಿ ಹೊಸ ಚರ್ಮ ಬಂತು, ಸಣ್ಣ ಸಣ್ಣ ಗೆರೆ, ನೋಡೇ ಕಲ್ಯಾಣಿ, ನಂದೂ ಬಂತು, ಈಗ್ಲೇ ಹಾಕ್ಬಿಡು, ಮತ್ತೆ ಹೋಗ್ಬಿಡ್ತದೆ. ಹೆಬ್ಬೆರಳನ್ನು ಕಿವಿಯ ಹಿಂದೆ ಉಜ್ಜಿಕೊಂಡ, ಅಲ್ಲಿನ ಜಿಡ್ಡು ತಾಗಿದರೆ ಗಾಜಿಗೆ ಹತ್ತುತ್ತದೆಂದು ಯಾರೋ ಹೇಳಿದ್ದರಂತೆ, ಉಜ್ಜಿದ, ಇಟ್ಟ, ಎತ್ತಿದ, ಮತ್ತೆ ಉಜ್ಜಿದ. ಕೆಲಸಕ್ಕೆ ಮರಳಿದ ಮೇಲೆ ಅದೂ ಹೊಂದಲಿಲ್ಲ, ಆದರೂ ಬೇಸಿನ್ನಿನಿಂದ ಎದ್ದು ಬಂದು, ಬೆಳ್ಳಗೆ ಸುಕ್ಕಾದ ಹೆಬ್ಬೆರಳು, ಕಿವಿಯ ಹಿಂದೆ ಉಜ್ಜಿ, ಗಾಜಿನ ಮೇಲೆ, ದಿನವೂ ಒಂದು ಸಲ ಪ್ರಯತ್ನ ಮಾಡಿಯೇ ಪಿನ್ ಒತ್ತುತ್ತಿದ್ದ. ಸುಮ್ಮನೆ ಕೂತ ಒಂದೇ ಒಂದು ವಾರದ ವೇಣು, ಅವನು ಇದರೊಳಗಿದ್ದಾನೆ, ಅಳಿಸಿದರೆ ಹೋಯಿತು, ನೇರಳೆ ಬಣ್ಣಕ್ಕೆ, ಇಲ್ಲ, ಕೊಡುವುದಿಲ್ಲ, ಕಪ್ಪುದೇ ಸಾಕು — ನಾಳೆಯ ಲಾಟು? ಕಪ್ಪುದೂ ತಿರುಗುತ್ತ ಕೂತರೆ? ವೇಣುವಿನ ಬೆರಳು ಉಳಿಸಿಕೊಂಡು ವೇಣುವಿನ ಬೇಸಿನ್ ಆರಿಸುವುದೇ?

ಮೇಡಂ, ಸುಮ್ನೆ ಒಂದ್ಸಲ ಬೆರಳು ಇಟ್ ನೋಡಿ, ಎಷ್ಟು ಸ್ಪೀಡು ಅಂತ ಗೊತ್ತಾಗ್ಲಿ, ಡೆಮೋ ಪೀಸು, ಎಂದು ಮುರಳಿಮೋಹನ್ ಇನ್ನೊಂದು ನೇರಳೆಯನ್ನು ಮುಂದಿಟ್ಟ, ತನ್ನ ಬೆರಳಿಟ್ಟು ತೋರಿಸಿದ, ಗಾಜಿನ ಮೇಲಿನ ಬೂದು ಗೆರೆಗಳು ಸರಸರ ನೀಲಿಯಾದವು, ತನುಜ ಇಟ್ಟಳು, ಸರಸರ ನೀಲಿ, ಅಯ್ಯೋ ಎಷ್ಟು ಚೆಂದ, ನಾನು ಇಟ್ಟೆ, ಒಂದೂ ಬರಲಿಲ್ಲ. ಮತ್ತೆ ಇಡಿ, ಎಂದಿತು ಗಾಜು. ಒದ್ದೆ ಇದ್ದೀತು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಕೊಟ್ಟ, ಇಟ್ಟೆ, ಮತ್ತೆ ಇಡಿ. ಪೀಸು ಹಾಳೇನ್ರೀ ಮುರಳಿ, ಎಂದವಳು ತನುಜ, ನನ್ನ ಕೈ ಎಳೆದುಕೊಂಡು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದಳು. ಅಣ್ಣಂದು ಇದ್ದಂಗೇ ಆಗೋಗಿದೆ ಅತ್ತಿಗೆ. ಏನು? ಬೆರಳು. ನೋಡಿದೆ. ಬೆಳ್ಳಗೆ, ಸುಕ್ಕು, ತುದಿಯಲ್ಲಿ ಸಣ್ಣ ಬಿರುಕು, ಸಾಲು ಹೊಡೆದ ಗದ್ದೆ ಎಲ್ಲಿ ಹೋಯಿತು, ವೇಣು ಹೋದ ಮೇಲೆ ಬೇಸಿನ್ನಿನ ಹೆಂಗಸೊಬ್ಬಳು ಬಾಣಂತನಕ್ಕೆಂದು ಊರಿಗೆ ಹೋದಳು, ಆ ಜಾಗದಲ್ಲಿ ನಾನೇ ಕೂತೆ, ಅವತ್ತಿನಿಂದ ದಿನವೂ, ಬೆಂದ ಹುಳುವಿನ ವಾಸನೆ ಸೋಪಿಗೆ ಹೋಗುವುದಿಲ್ಲ ಎಂದುಕೊಂಡೆನೇ ಹೊರತು ಬೆರಳನ್ನು ಯಾವತ್ತು ನೋಡಿದೆ? ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ದೀಪ ಕೆಂಪಾಯಿತು, ಸರ್ವರ್ ಇಲ್ಲ, ನಾಳೆ ಬನ್ನಿ ಎಂದರು, ನಾನೂ ಸರ್ವರ್ ಎಂದೇ ನಂಬಿದೆ, ಇದನ್ನು ಫೋನು ಹಾಳು ಎಂದು ನಂಬಿದೆ, ಹೊಸದು ಕೊಳ್ಳಲು ಶಿಡ್ಲಘಟ್ಟದಿಂದ ಬಸ್ಸು ಹತ್ತಿ ಬಂದೆ! ಹಾಳಾದದ್ದು ಫೋನಲ್ಲ, ಸವೆದದ್ದು ನಾನು — ನಗು ಬಂತು, ತಡೆಯಲಾಗದ ನಗು, ಸ್ಟೂಲು ಅಲ್ಲಾಡುವಷ್ಟು, ತನುಜ ಮೊದಲು ಹೆದರಿದಳು, ಆಮೇಲೆ ಅವಳೂ ನಕ್ಕಳು, ಕಣ್ಣಲ್ಲಿ ನೀರು. ಅಮ್ಮಂಗೆ ಹೇಳ್ತೀನಿ ಇರಿ, ಬೆರಳು ನೋಡಿ ತಂದ್ಕೊಂಡಿದ್ಯಲ್ಲಾ, ಆ ಬೆರಳೂ ಹೋಯ್ತು ಅಂತ! ಮುರಳಿಮೋಹನ್ ಪಾಪ, ಏನೂ ತಿಳಿಯದೆ, ಕೋಲ್ಡ್ ಕ್ರೀಮ್ ಹಚ್ಚಿ ನೋಡಿ ಮೇಡಂ.

ಹಳೆಯದನ್ನು ಹೊರಗೆ ತೆಗೆದೆ, ಪಿನ್ ಒತ್ತಿದೆ, ಸೆಟ್ಟಿಂಗ್ಸ್‌ನ ಆ ಜಾಗಕ್ಕೆ ಹೋದೆ, ಅಲ್ಲಿ ಬೆರಳು ಮುಟ್ಟಿಸಿದರೆ ಬೆರಳು ಯಾರದ್ದೋ ಅವರ ಸಾಲು ಒಮ್ಮೆ ಬೆಳಗುತ್ತದೆ, ಎಷ್ಟೋ ಸಲ ಆಡಿದ್ದೇವೆ, ನಾನು ಮುಟ್ಟಿದರೆ ಮೇಲಿನದು, ಆ ವಾರ ಅವನು ಮುಟ್ಟಿದರೆ ಕೆಳಗಿನದು, ಈಗ ಮುಟ್ಟಿದೆ, ಬೆರಳಚ್ಚು 1 ಬೆಳಗಲಿಲ್ಲ, ಬೆರಳಚ್ಚು 2 ಬೆಳಗಲಿಲ್ಲ. ಇದರೊಳಗಿರುವ ಹುಡುಗಿಯೂ ಈಗಿಲ್ಲ, ಹಾಗಾದರೆ, ಜಗಲಿಯ ಮೇಲೆ ಇಬ್ಬರೂ ಸುಮ್ಮನೆ ಕೂತಿದ್ದಾರೆ, ಅವನು ನೋಡೇ ನಂದೂ ಬಂತು ಎನ್ನುತ್ತಿದ್ದಾನೆ, ಅವಳು ನಗುತ್ತಿದ್ದಾಳೆ, ಅವಳ ಕೈ ಮೆತ್ತಗಿದೆ, ಅವನೊಬ್ಬನನ್ನೇ ಅಳಿಸುತ್ತೇನೆಂದು ಅಂಜುತ್ತಿದ್ದೆ, ಇಲ್ಲ, ಇಬ್ಬರೂ ಒಟ್ಟಿಗೆ ಎದ್ದು ಹೋಗುತ್ತಾರೆ, ಯಾರೂ ಯಾರನ್ನೂ ಬಿಟ್ಟು ಹೋಗುವುದಿಲ್ಲ, ಗೂಡಿನಿಂದ ನೂಲು ಬಿಚ್ಚುವವಳು ನಾನಲ್ಲವೇ ಉಳಿದಿರುವುದು, ನಾಳೆ ಲಾಟು ಹಿಡಿಯಬೇಕಾದವಳು. ನಾನು ಒತ್ತಲಾ ಮೇಡಂ? ಬೇಡ, ನಾನೇ ಒತ್ತುತ್ತೇನೆ. ಎಲ್ಲವನ್ನೂ ಅಳಿಸಲೇ ಎಂದು ಕೇಳಿತು, ಒತ್ತಿದೆ, ಗಾಜು ಕಪ್ಪಾಯಿತು, ತನುಜ ನನ್ನ ಮೊಣಕೈ ಹಿಡಿದಳು, ಕಂಪನಿಯ ಹೆಸರು ಬಂತು, ನಮಸ್ಕಾರ ಎಂದಿತು, ಯಾರನ್ನೂ ಅರಿಯದ ಫೋನು. ನೇರಳೆ ಡಬ್ಬಿ ಬಿಚ್ಚಿದ ಸದ್ದು, ಪ್ಲಾಸ್ಟಿಕ್ಕಿನ ಹಾಳೆ ಸುಲಿದಾಗ ಹೊಸ ವಾಸನೆ, ಎದೆ ಮತ್ತೆ ಶುರು, ಹೊಡೆದುಕೊಳ್ಳಲಿ ಬಿಡು. ಇದಕ್ಕೆ ಮುಖ ಸಾಕು ಮೇಡಂ, ಕಣ್ಣು ಮಿಟುಕಿಸೋದ್ರಲ್ಲಿ ಓಪನ್ ಆಗುತ್ತೆ, ನೋಡಿ ಇಲ್ಲಿ, ನೋಡಿದೆ, ದುಂಡನೆಯ ಚೌಕಟ್ಟಿನಲ್ಲಿ ಒಬ್ಬಳು, ಕೂದಲು ಕೆದರಿದೆ, ಕೆನ್ನೆ ನಗುವಿನಿಂದ ಇನ್ನೂ ಕೆಂಪು, ಇವಳನ್ನು ನೋಡದೆ ಎಷ್ಟು ಕಾಲವಾಯಿತು, ಆಯ್ತು ಮೇಡಂ, ಮುಗೀತು, ನಾಳೆ ಮಾರ್ಕೆಟ್ಟಲ್ಲಿ ಎತ್ತಿ ಮುಖಕ್ಕೆ ಹಿಡೀರಿ, ಅಷ್ಟೇ. ಹಾಗಾದರೆ ನಾಳೆ ಗೆದ್ದೆ, ಮುನಿವೆಂಕಟಪ್ಪನವರೇ, ನಾಳೆ ನಕ್ಕು ರೇಟೂ ಹಾಕುತ್ತೇನೆ. ಬೆರಳೂ ಹಾಕಿ, ಎಂದೆ. ಮುಖ ಇದೆಯಲ್ಲಾ ಮೇಡಂ, ಬೆರಳು ಯಾಕೆ, ನಿಮ್ದು ಹತ್ತಲ್ಲ. ಇರಲಿ, ಹಾಕಿ. ಹಾಕ್ರೀ ಮುರಳಿ, ನಮ್ಮತ್ತಿಗೆ ಹಟ ಗೊತ್ತಿಲ್ಲ ನಿಮಗೆ. ಬೂದು ಗೆರೆಗಳ ಚಿತ್ರ ಬಂತು, ಇಟ್ಟೆ, ಎತ್ತಿದೆ, ಮತ್ತೆ ಇಡಿ, ಇಟ್ಟೆ, ಮತ್ತೆ ಇಡಿ, ಸ್ವಲ್ಪ ಓರೆಯಾಗಿ, ಅಂಚಿನಿಂದ, ಒಂದು ಗೆರೆ ನೀಲಿಯಾಯಿತು, ತನುಜ ಚಪ್ಪಾಳೆ ತಟ್ಟಿದಳು, ಇನ್ನೊಂದು, ನಡುವೆ ನಿಂತಿತು, ಮತ್ತೆ ಇಡಿ, ಹಿಂದಿನಿಂದ ಯಾರೋ ಮೊಬೈಲ್ ಕವರ್ ಕೇಳುತ್ತಿದ್ದಾರೆ, ಮುರಳಿಮೋಹನ್ ಅತ್ತ ಹೋದ, ಇನ್ನೊಂದು ಗೆರೆ, ಇನ್ನೊಂದು, ಕೊನೆಯದು ಬೂದಾಗಿಯೇ ಉಳಿದಿದೆ, ಮತ್ತೆ ಇಡಿ, ಕೈ ತಾನಾಗಿ ಮೇಲೆ ಹೋಯಿತು, ನನ್ನದೇ ಕೈ, ಯಾರೂ ಹೇಳಿಕೊಟ್ಟದ್ದಲ್ಲ, ಕಿವಿಯ ಹಿಂದೆ, ಉಜ್ಜಿ — ಬೆಳ್ಳಗೆ ಸುಕ್ಕಾದ ಹೆಬ್ಬೆರಳು, ಗಾಜಿನ ಮೇಲೆ —