ಗೇಟಿನಾಚೆಯ ಅವ್ವ

ದಾಕ್ಷಾಯಣಮ್ಮನ ತಲೆ ಮತ್ತೆ ಎಡಕ್ಕೆ ವಾಲಿತು. ರೇಣುಕಮ್ಮ ತಂಗಿಯ ಗದ್ದದಡಿಯಿಂದ ನೆತ್ತಿಗೆ ಬಿಳಿ ಬಟ್ಟೆ ಸುತ್ತಿ, ತುದಿಯನ್ನು ಜಗಲಿಯ ಗೋಡೆಯ ಗೂಟಕ್ಕೆ ಬಿಗಿದಳು. ಅವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ.

"ಬದುಕಿದ್ದಾಗ ಒಂದು ಗಳಿಗೆ ಕುಂತೋಳಲ್ಲ. ಈಗ ಕುಂತ್ಕ ಅಂದ್ರೆ ಹೆಂಗೆ ಕುಂತಾಳು?" ಎಂದಳು ಪಕ್ಕದ ಮನೆಯ ಮುದುಕಿ. ಅಳುತ್ತಿದ್ದವರು ಒಂದಿಷ್ಟು ನಕ್ಕು, ಮತ್ತೆ ಅತ್ತರು.

ಅಂಗಳದಲ್ಲಿ ದಾಕ್ಷಾಯಣಮ್ಮನ ಗಂಡ ಏಕಾಂತಪ್ಪ ಫೋನಿನಲ್ಲಿ ಮಾತಾಡುತ್ತಾ ಬೆವರುತ್ತಿದ್ದ. "ಯಾಕ್ ಸಾರ್ ತೊಂದ್ರೆ? ಬ್ಯಾಡ ಸಾರ್, ಅಷ್ಟು ದೂರ... ಮಾಡದಕೆರೆ ದಾಟಿದ್ರಾ? ಆಯ್ತು ಸಾರ್, ಬರ್ರಿ."

ಫೋನ್ ಜೇಬಿಗಿಟ್ಟವನೇ ಅಡಿಗೆಮನೆಗೆ ನುಗ್ಗಿದ. ತಮ್ಮನ ಹೆಂಡತಿ ಉಷಾ ಬಂದವರಿಗೆ ಟೀ ಸೋಸುತ್ತಿದ್ದಳು.

"ಉಷಾ, ನೀನು ಹಿತ್ತಲಿಗೆ ಹೋಗು. ಮಗಳ ಸ್ಕೂಲಿನ ಪ್ರಿನ್ಸಿಪಾಲ್ರು ಬರ್ತಾವ್ರೆ. ಅವರು ಹೋಗೋಗಂಟ ಈಚೆಗೆ ಬರಬ್ಯಾಡ."

"ನಮ್ಮಕ್ಕ ಸತ್ತೈತೆ ಭಾವ. ನಾನ್ಯಾಕೆ ಹಿತ್ತಲಲ್ಲಿ ಕುಂತ್ಕಳ್ಳಿ?"

"ಪ್ರೀತೀದು ಹತ್ತನೇ ಕ್ಲಾಸು. ವಿಷಯ ಗೊತ್ತಾಗಿ ಈಗ ಟಿಸಿ ಕೊಟ್ಟು ಕಳಿಸಿದ್ರೆ ಯಾವ ಬಾಗಿಲಿಗೆ ಹೋಗಾಣ?"

ಗೋಡೆಯ ಈಚೆ ರೇಣುಕಮ್ಮನಿಗೆ ಎಲ್ಲ ಕೇಳಿಸಿತು. ಪ್ರೀತಿಯ ಕಡೆ ನೋಡಿದಳು. ಹುಡುಗಿ ಅವ್ವನ ಕಾಲ ಬಳಿ ಮಂಡಿಯೊಳಗೆ ಮುಖ ಹುದುಗಿಸಿ ಕುಳಿತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ, ಒಮ್ಮೆಯೂ ಅವ್ವಾ ಅಂದಿರಲಿಲ್ಲ. ಮಣ್ಣಿಗಿಡುವ ಮುಂಚೆ ಒಂದು ಸಲ, ನಾಲ್ಕು ಜನರೆದುರು, ಇವಳ ಬಾಯಲ್ಲಿ ಆ ಮಾತು ಬರಲಿ ಎಂದು ರೇಣುಕಮ್ಮ ಕಾಯುತ್ತಿದ್ದಳು.

*

ಪ್ರೀತಿಯನ್ನು ಶಾಲೆಗೆ ಸೇರಿಸುವ ವರ್ಷ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಂಗ್ಲಿಷ್ ಶಾಲೆಯೊಂದರ, ಮನೆಯಷ್ಟು ದೊಡ್ಡ ಬೋರ್ಡು ಎದ್ದಿತ್ತು: ನಿಮ್ಮ ಮಗು, ನಿಮ್ಮ ಆಯ್ಕೆ. ಏಕಾಂತಪ್ಪ ಅದನ್ನೇ ಮಂತ್ರದ ಹಾಗೆ ಹೇಳಿಕೊಂಡು ತಿರುಗಿದ. "ಎಲ್ಲಿ ಓದಿಸ್ಬೇಕು ಅನ್ನೋದು ಈಗ ಹೆತ್ತೋರ ಕೈಯಾಗೈತೆ. ಊರ ಸ್ಕೂಲೇ ಗತಿ ಅನ್ನೋ ಕಾಲ ಹೋತು."

ಆಮೇಲೆ ತಿಳಿಯಿತು: ಆ ಶಾಲೆಯವರು ಮಗುವಿಗಿಂತ ಮೊದಲು ಹೆತ್ತವರನ್ನು ಪರೀಕ್ಷೆ ಮಾಡುತ್ತಾರೆ. ತಾಯಿಗೆ ಡಿಗ್ರಿ ಇರಬೇಕು, ಇಂಗ್ಲಿಷ್ ಬರಬೇಕು. ದಾಕ್ಷಾಯಣಮ್ಮ ಏಳನೇ ಕ್ಲಾಸು. ಉಷಾ ಚಿತ್ರದುರ್ಗದಲ್ಲಿ ಬಿ.ಎ. ಮಾಡಿದವಳು.

ಸಂದರ್ಶನದ ಬೆಳಿಗ್ಗೆ ದಾಕ್ಷಾಯಣಮ್ಮ ತನ್ನ ಧಾರೆ ಸೀರೆಯನ್ನು ತಾನೇ ಉಷಾಳಿಗೆ ಉಡಿಸಿ, ನೆರಿಗೆ ಹಿಡಿದಳು. ಮಗಳ ಜುಟ್ಟು ಕಟ್ಟುತ್ತಾ ಪಾಠ ಹೇಳಿದಳು.

"ಒಳಗೆ ಹೋದ್ಮೇಲೆ ಯಾರನ್ನ ಅಮ್ಮ ಅಂತೀಯ?"

"ಚಿಕ್ಕಮ್ಮನ್ನ."

"ನನ್ನ?"

"ಆಂಟಿ."

"ಜಾಣೆ ನನ್ನವ್ವ."

ಬಾಗಿಲಲ್ಲಿ ನಿಂತಿದ್ದ ರೇಣುಕಮ್ಮನಿಗೆ ತಡೆಯಲಾಗಲಿಲ್ಲ. "ಹೆತ್ತೋಳನ್ನೇ ಬದಲಾಯಿಸಿ, ಇದ್ಯಾವ ಆಯ್ಕೆನಪ್ಪಾ ಏಕಾಂತಪ್ಪ?"

"ಸುಮ್ನಿರಕ್ಕ, ನಿನಗಿದೆಲ್ಲ ತಿಳಿಯಾಕಿಲ್ಲ."

ಸೀಟು ಸಿಕ್ಕಿತು. ಅರ್ಜಿಯಲ್ಲಿ ಉಷಾಳ ಫೋಟೋ, ಜನನ ಪತ್ರದಲ್ಲಿದ್ದಂತೆ ದಾಕ್ಷಾಯಣಮ್ಮನ ಹೆಸರು. ಆಮೇಲೆ ಪ್ರತಿ ಪೇರೆಂಟ್ಸ್ ಮೀಟಿಂಗಿಗೂ ಉಷಾ ಒಳಗೆ, ದಾಕ್ಷಾಯಣಮ್ಮ ಗೇಟಿನಾಚೆ ಹೊಂಗೆ ಮರದಡಿ ಟಿಫನ್ ಬಾಕ್ಸ್ ಹಿಡಿದು. ಒಂದು ಸಲ ರೇಣುಕಮ್ಮ ಕೇಳಿದ್ದಳು. "ನಿನಗ್ಯಾವ ಸ್ಕೂಲು ಬೇಕಿತ್ತೇ?"

"ನನ್ನ ಯಾರು ಕೇಳಿದ್ರಕ್ಕ?" ದಾಕ್ಷಾಯಣಮ್ಮ ಮುಸಿಮುಸಿ ನಕ್ಕಿದ್ದಳು. "ಕೇಳಿದ್ರೆ ನಮ್ಮೂರದೇ ಅಂತಿದ್ದೆ. ಒಳಗೆ ಹೋಗಿ ಬೆಂಚಿನ ಮ್ಯಾಲೆ ಕುಂತ್ಕಬೋದಿತ್ತು."

*

ಹಳದಿ ವ್ಯಾನು ಬಂದು ನಿಂತಾಗ ಭಜನೆಯವರು ತಾಳ ನಿಲ್ಲಿಸಿದರು. ಪ್ರಿನ್ಸಿಪಾಲರು ದೊಡ್ಡ ಹಾರ ಹಿಡಿದು ಇಳಿದರು. ಹಿಂದೆ ಡ್ರೈವರು ಮತ್ತು ಡ್ರಿಲ್ ಮೇಷ್ಟ್ರು ಸುರುಳಿ ಸುತ್ತಿದ್ದ ಫ್ಲೆಕ್ಸನ್ನು ತಂದು, ಚಪ್ಪರದ ಎರಡು ಕಂಬಗಳಿಗೆ ಎಳೆದು ಕಟ್ಟಿದರು.

ಭಾವಪೂರ್ಣ ಶ್ರದ್ಧಾಂಜಲಿ. ಕೆಳಗೆ ಶಾಲೆಯ ಹೆಸರು, ಫೋನ್ ನಂಬರು, ಅಡ್ಮಿಷನ್ ಶುರುವಾಗಿದೆ ಎಂಬ ಸಾಲು. ನಡುವೆ ದೀಪಗಳ ಮಧ್ಯೆ ನಗುತ್ತಿದ್ದವಳು ಉಷಾ. ಅವಳ ಮುಖದಡಿ ದಪ್ಪಕ್ಷರದಲ್ಲಿ ಶ್ರೀಮತಿ ದಾಕ್ಷಾಯಣಮ್ಮ.

ಅಂಗಳದವರೆಲ್ಲ ಫ್ಲೆಕ್ಸಿನತ್ತ ಕತ್ತೆತ್ತಿದರು. ತಾಳ ನಿಂತದ್ದಕ್ಕೆ ಏನಾಯಿತೆಂದು ಹಿತ್ತಲಿನಿಂದ ಇಣುಕಿದ ಉಷಾ ಚಿಟ್ಟನೆ ಚೀರಿದಳು. "ಅಯ್ಯೋ ಶಿವನೇ! ಬದುಕಿರೋಳನ್ನ ಕೊಂದ್ಬಿಟ್ರಲ್ಲೋ! ಬಿಚ್ರೋ, ಬಿಚ್ರೋ ಅದನ್ನ!"

ಪ್ರಿನ್ಸಿಪಾಲರು ಅವಳನ್ನು ನೋಡಿದರು, ಫ್ಲೆಕ್ಸನ್ನು ನೋಡಿದರು, ಗೋಡೆಗೊರಗಿ ಕೂತ ಹೆಣವನ್ನು ನೋಡಿದರು.

"ಏಕಾಂತಪ್ಪೋರೆ, ಮೇಡಂ ಇಲ್ಲೇ ಇದಾರಲ್ರಿ! ಮತ್ತೆ ಇವರು... ಟಿಫನ್ ತರ್ತಿದ್ರಲ್ಲ, ನಿಮ್ಮನೆ ಕೆಲಸದೋರಲ್ವಾ?"

ಏಕಾಂತಪ್ಪ ಹೆಂಡತಿಯ ಮುಖ ನೋಡಲಿಲ್ಲ. ಹೆಗಲ ಮೇಲಿನ ಟವಲಿನಲ್ಲಿ ಬಾಯಿ ಒರೆಸಿಕೊಂಡ.

"ಹ್ಞೂಂ ಸಾರ್. ಮನೆ ಕೆಲ್ಸ ಎಲ್ಲಾ ಇವ್ಳೇ ಮಾಡ್ತಿದ್ಲು."

"ಸದ್ಯ," ಪ್ರಿನ್ಸಿಪಾಲರು ಉಸಿರು ಬಿಟ್ಟರು. "ನಮ್ಮ ಪೇರೆಂಟ್ ಅಲ್ವಲ್ಲ." ಕೈಯಲ್ಲಿದ್ದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಡ್ರೈವರನ ಕೈಗೆ ಕೊಟ್ಟರು. ಅವನು ಅದನ್ನು ಮತ್ತೆ ವ್ಯಾನಿನಲ್ಲಿಟ್ಟ.

"ಥೂ!" ಪಕ್ಕದ ಮನೆಯ ಮುದುಕಿ ಎಲೆ ಅಡಿಕೆಯನ್ನು ಏಕಾಂತಪ್ಪನ ಕಾಲ ಬುಡಕ್ಕೇ ಉಗಿದಳು. ರೇಣುಕಮ್ಮನಿಗೂ ಬಾಯಿ ತುಂಬ ಅದೇ ಇತ್ತು. ಆದರೂ ನುಂಗಿಕೊಂಡಳು. ಕಣ್ಣು ಪ್ರೀತಿಯ ಮೇಲೇ ಇತ್ತು.

ಹುಡುಗಿ ಕದಲಲಿಲ್ಲ.

ಮಠದಿಂದ ಬಂದಿದ್ದ ಅಯ್ಯನವರು ನೀರಿನಲ್ಲಿ ಕಲೆಸಿದ ವಿಭೂತಿಯ ತಟ್ಟೆಯನ್ನು ಮುಂದಿಟ್ಟರು. "ಹೊತ್ತಾತು, ಎತ್ತಬೇಕು. ಹೆತ್ತ ಮಕ್ಕಳಿದ್ರೆ ಬಂದು ಹಚ್ರಿ."

ಏಕಾಂತಪ್ಪ ಮಗಳಿಗೆ ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಪ್ರಿನ್ಸಿಪಾಲರು ಚಪ್ಪಲಿಯೊಳಗೆ ಒಂದು ಕಾಲು ತೂರಿಸಿದ್ದರು. ರೇಣುಕಮ್ಮ ತಟ್ಟೆಯನ್ನು ಪ್ರೀತಿಯ ಕಡೆಗೆ ಒಂದು ಗೇಣು ಸರಿಸಿದಳಷ್ಟೆ.

ಪ್ರೀತಿ ಎದ್ದಳು. ಬೆರಳದ್ದಿ ಅವ್ವನ ಹಣೆಗೆ ಎಳೆದಳು, ತೋಳಿಗೆ ಎಳೆದಳು. ತಲೆಗೆ ಬಿಗಿದಿದ್ದ ಬಟ್ಟೆಯನ್ನು ಕಿವಿಯ ಹತ್ತಿರ ಸಡಿಲ ಮಾಡಿದಳು.

"ನೋವಾಗುತ್ತೆ ದೊಡ್ಡಮ್ಮ," ಎಂದಳು. "ನಮ್ಮವ್ವಂಗೆ ನೋವಾಗುತ್ತೆ."

"ಪ್ರೀತಿ, ವಾಟ್ ಈಸ್ ದಿಸ್?" ಎಂದರು ಪ್ರಿನ್ಸಿಪಾಲರು.

ಅವಳು ತಟ್ಟೆಯಲ್ಲಿ ಉಳಿದಿದ್ದನ್ನೆಲ್ಲ ಬೊಗಸೆಯಲ್ಲಿ ಬಾಚಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಚಪ್ಪರದ ಕಂಬದ ಬಳಿಗೆ ಹೋದಳು. ಎರಡು ಕೈಯಿಂದಲೂ ಫ್ಲೆಕ್ಸಿನ ಮುಖಕ್ಕೆ ಮೆತ್ತಿದಳು. ಕಣ್ಣು ಹೋಯಿತು, ನಗು ಹೋಯಿತು, ಕೊರಳ ಸರ ಹೋಯಿತು. ಶಾಲೆಯ ಹೆಸರು, ಫೋನ್ ನಂಬರು, ಅಡ್ಮಿಷನ್ ಸಾಲಿನ ಮೇಲೂ ಅಂಗೈ ಒರೆಸಿದಳು.

ಹೆಣ ಎತ್ತಿದರು. ಕೂತ ಭಂಗಿಯಲ್ಲೇ ದಾಕ್ಷಾಯಣಮ್ಮ ನಾಲ್ಕು ಹೆಗಲ ಮೇಲೇರಿ ಚಪ್ಪರ ದಾಟಿದಳು. ಗಾಳಿಗೆ ಪಟಪಟ ಬಡಿಯುತ್ತಿದ್ದ ಫ್ಲೆಕ್ಸಿನಲ್ಲಿ ಬೆಳ್ಳಗಿನ ಖಾಲಿ ಮುಖ. ಅದರ ಕೆಳಗೆ ಅವಳ ಹೆಸರೊಂದೇ ಉಳಿದಿತ್ತು.