ಬತ್ತಿದ ಕಣ್ಣಿನ ಮುಂದೆ

ನಾನು ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ. ನನ್ನನ್ನು ಜೋಡಿಸಿದವರು ಸೀಳಿನಷ್ಟು ತೆಳುವಾದ ಬೆಳಕು ಕೊಟ್ಟರು, ರೋಗಿ ಗದ್ದ ಊರಲು ಒಂದು ಆಸರೆ ಕೊಟ್ಟರು. ಮೊದಲು ವೈದ್ಯಕೀಯ ಕಾಲೇಜೊಂದರಲ್ಲಿದ್ದೆ. ಹರಾಜಿನಲ್ಲಿ ಗದಗಿನ ಡಾಕ್ಟರ್ ಹೊಳಿಮಠನ ಕೈಸೇರಿದೆ. ಬಂದ ವಾರವೇ ಆತನನ್ನು ದ್ವೇಷಿಸತೊಡಗಿದೆ. ರೋಗಿ ಮಾತಾಡುವಾಗ ಆತ ಗಡಿಯಾರ ನೋಡುತ್ತಿದ್ದ.

ಒಂದು ಬೇಸಿಗೆಯಲ್ಲಿ ಕಾಶೀಬಾಯಿ ಬಂದಳು. ಬಸ್ ನಿಲ್ದಾಣದ ಮೈಕಿನಲ್ಲಿ ಊರುಗಳ ಹೆಸರು ಕೂಗುವ ಕೆಲಸ ಅವಳದು. ಕಣ್ಣಲ್ಲಿ ಮರಳು ಬಿದ್ದಂತೆ ಉರಿ, ಮಾತಿನ ನಡುವೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ ಎಂದಳು. ಕಣ್ಣೀರು ಎಷ್ಟಿದೆ ಎಂದು ಅಳೆಯಲು ಹೊಳಿಮಠ ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿದ. ತುದಿಯಷ್ಟೇ ನೆನೆಯಿತು. ದೇಹವೇ ತನ್ನ ಕಣ್ಣೀರು, ಜೊಲ್ಲಿನ ಗ್ರಂಥಿಗಳನ್ನು ಹಾಳುಮಾಡುವ ರೋಗವಿರಬಹುದು, ಇನ್ನೊಮ್ಮೆ ನೋಡೋಣ ಎಂದ.

ಎರಡನೆಯ ಸಲ ಪಟ್ಟಿಯ ಅಂಚು ಕಣ್ಣುಗುಡ್ಡೆಗೆ ಒತ್ತಿತು. ಅವಳು ಹಲ್ಲು ಕಚ್ಚಿ ಕೂತಳು. ಪಟ್ಟಿ ಅರ್ಧಕ್ಕಿಂತ ಹೆಚ್ಚು ನೆನೆಯಿತು. ಮುಂದಿನ ಸಲ ಮತ್ತೆ ಒಣ. ಆತ ಪರೀಕ್ಷೆಯನ್ನು ಸಂಶಯಿಸಬೇಕಿತ್ತು, ಅವಳನ್ನು ಸಂಶಯಿಸಿದ. ಕೂಗುವ ಕೆಲಸ ತಪ್ಪಿಸಿಕೊಳ್ಳಲು ನಾಟಕ ಎಂದು ಗಂಡ ಶೇಖಪ್ಪನಿಗೆ ಅವಳೆದುರೇ ಹೇಳಿದ. ಶೇಖಪ್ಪ ಮೊದಲೇ ಮುನಿದಿದ್ದ. ಅವನ ತಾಯಿ ತೀರಿದಾಗ ಹೆಂಡತಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

“ಕಾಗದ ಚುಚ್ಚಿತ್ರೀ, ಅದಕ್ಕ ನೀರ್ ಬಂತು. ಅತ್ತಿ ಹೋದಾಗ ಎದಿ ಒಡದಿತ್ತು, ಆದ್ರ ಕಣ್ಣಾಗ ನೀರ್ ಬರ್ಲಿಲ್ಲ,” ಎಂದಳು.

ಹೊಳಿಮಠ ಮುಂದಿನ ರೋಗಿಯನ್ನು ಕರೆದ. ಬಣ್ಣದ ಹನಿ ಹಾಕಿ ನನ್ನ ಮೂಲಕ ನೋಡಿದ್ದರೆ ಒಣಗಿದ ಜಾಗಗಳು ಹಸಿರು ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ಆತ ನನ್ನ ದೀಪವನ್ನೇ ಹಚ್ಚಲಿಲ್ಲ.

ಮರುವರ್ಷ ಅವಳು ಗಂಡನನ್ನು ಕರೆದುಕೊಂಡು ಬಂದಳು. ಹುಬ್ಬಳ್ಳಿಯ ವೈದ್ಯೆಯೊಬ್ಬರು ಅವಳ ತುಟಿಯೊಳಗಿನ ಜೊಲ್ಲುಗ್ರಂಥಿಯ ಚೂರು ತೆಗೆದು ನೋಡಿದ್ದರು. ಮೊದಲ ಚೂರಿನಲ್ಲಿ ಏನೂ ಸಿಕ್ಕಿರಲಿಲ್ಲ. ಅವಳ ಮಾತು ನಂಬಿ ಮತ್ತೊಮ್ಮೆ ತೆಗೆದರು, ರೋಗ ಸಿಕ್ಕಿತು. ಅಷ್ಟರಲ್ಲಿ ಒಣಗಿದ ಎಡಗಣ್ಣಿನಲ್ಲಿ ಹುಣ್ಣಾಗಿ, ಅದು ಬಿಳಿ ಕಲೆಯಾಗಿ ನಿಂತಿತ್ತು.

ಹೊಳಿಮಠ ಪಟ್ಟಿಯ ಡಬ್ಬಿಗೆ ಕೈಹಾಕಿದ. ಅವಳು ತಾನೇ ನನ್ನ ಮೇಲೆ ಗದ್ದ ಊರಿದಳು.

“ಅದು ಬ್ಯಾಡ. ದೀಪ ಹಚ್ಚ್ರಿ. ನಮ್ಮನಿಯವ್ರು ನೋಡ್ಲಿ.”

ಹೊಳಿಮಠ ದೀಪ ಹಚ್ಚಿದ. ಆ ಕಲೆ ನೋಡಲು ಶೇಖಪ್ಪ ನನ್ನ ಮಸೂರಕ್ಕೆ ಕಣ್ಣಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಅವನ ಕೆನ್ನೆ ತೊಯ್ದಿತ್ತು. ಹೊಳಿಮಠ ಗಡಿಯಾರ ನೋಡಿದ. ಕಾಶೀಬಾಯಿ ಗಂಡನ ಕಣ್ಣೀರನ್ನು ಹೊಟ್ಟೆಕಿಚ್ಚಿನಿಂದ ನೋಡಿ, ಸೆರಗು ಸರಿಮಾಡಿಕೊಂಡು ಒಬ್ಬಳೇ ಹೊರಗೆ ನಡೆದಳು.

ಈಗ ಗುಜರಿಯಂಗಡಿಯ ತುಕ್ಕಿನ ನಡುವೆ ಬಿದ್ದಿದ್ದೇನೆ. ಹೊಳಿಮಠ ಹೊಸ ಯಂತ್ರ ಕೊಂಡಿದ್ದಾನಂತೆ, ಬಹಳ ನಿಖರವಂತೆ, ಇನ್ನು ರೋಗಿಯನ್ನು ಏನೂ ಕೇಳಬೇಕಿಲ್ಲವಂತೆ. ಅದರ ಮೇಲೆ ಗದ್ದ ಊರುವವರನ್ನು ನೆನೆದರೆ ಭಯವಾಗುತ್ತದೆ.